ಎರಕದ ಈಟಿಗೆ ಬದಲು ತಂತಿಯ ಈಟಿ: ಯುದ್ಧದಾಟದ ಬೊಂಬೆಗಳ ಆಯುಧ ಬದಲಿಸುವ ಬಗೆ

ಮೇಜಿನ ಮೇಲಿನ ಯುದ್ಧದಾಟಕ್ಕೆ ಬಳಸುವ, ಸುಮಾರು 28 ಎಂಎಂ ಎತ್ತರದ ಲೋಹದ ಬೊಂಬೆಗಳಲ್ಲಿ ಮೊದಲು ಕೈಕೊಡುವುದು ಈಟಿ. ಶಿರಸ್ತ್ರಾಣದ ಜುಟ್ಟು, ಒರೆಯಲ್ಲಿರುವ ಕತ್ತಿ, ಕುದುರೆಯ ಬಾಲ ಇವೆಲ್ಲ ವರ್ಷಗಟ್ಟಲೆ ಆಟ ತಡೆದುಕೊಳ್ಳುತ್ತವೆ. ಈಟಿ ಮಾತ್ರ ಪೊಟ್ಟಣ ಬಿಚ್ಚುವಾಗಲೇ ಬಾಗಿರುತ್ತದೆ. ನೆಟ್ಟಗೆ ಮಾಡಿದರೆ ಮುಂದಿನ ಆಟದಲ್ಲಿ ಮತ್ತೆ ಬಾಗುತ್ತದೆ, ನಾಲ್ಕಾರು ಸಲ ಹೀಗಾದ ಮೇಲೆ ಒಂದು ದಿನ ಮುಷ್ಟಿಯ ಮೇಲಂಚಿಗೆ ಸರಿಯಾಗಿ ತುಂಡಾಗುತ್ತದೆ. ಬಣ್ಣ ಹಚ್ಚಿ ಮುಗಿಸಿದ ಮೇಲೆ ಇದು ಆದರೆ ಕೆಲಸ ಇಮ್ಮಡಿ. ಹಾಗಾಗಿ ಗ್ರೀಕ್ ಹಾಪ್ಲೈಟ್ (ಈಟಿ-ಗುರಾಣಿಯ ಕಾಲಾಳು), ಮ್ಯಾಸಿಡೋನಿಯದ ಫ್ಯಾಲಾಂಕ್ಸ್ (ಒತ್ತೊತ್ತಾಗಿ ನಿಂತ ಈಟಿಪಡೆ) ಅಥವಾ 17ನೇ ಶತಮಾನದ ಪೈಕ್ (ತೀರ ಉದ್ದದ ಈಟಿ) ಪಡೆಯಂಥ ಈಟಿಯೇ ಪ್ರಧಾನವಾದ ದಳ ಕಟ್ಟುವವರು ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ಲೇಪ, ಹೊಡೆಯುವ ಮೊದಲೇ ಎರಕದ ಈಟಿಗಳನ್ನು ತೆಗೆದು ತಂತಿ ಹಾಕಿಬಿಡುವುದು ಒಳ್ಳೆಯದು.

ಎರಕದ ಈಟಿ ದುರ್ಬಲವಾಗಲು ಎರಕದ ವಿಧಾನವೇ ಕಾರಣ. ಕರಗಿದ ವೈಟ್ ಮೆಟಲ್, ಅಂದರೆ ತವರ, ಸೀಸ, ಆಂಟಿಮನಿಗಳ ಮಿಶ್ರಣ, ಗಿರಗಿರ ತಿರುಗುವ ರಬ್ಬರ್ ಅಚ್ಚಿನೊಳಗೆ ಹರಿಯುತ್ತದೆ. ಉದ್ದನೆಯ ಸಪೂರ ಕಾಲುವೆಯಲ್ಲಿ ಲೋಹ ತುದಿ ಮುಟ್ಟುವ ಮೊದಲೇ ಗಟ್ಟಿಯಾಗಬಹುದು, ಗಾಳಿಗುಳ್ಳೆ ಒಳಗೇ ಉಳಿಯಬಹುದು. ಇದನ್ನು ತಪ್ಪಿಸಲು ಈಟಿಯ ಕಾವನ್ನು, ಅಂದರೆ ಕೋಲಿನ ಭಾಗವನ್ನು, 1ರಿಂದ 1.2 ಎಂಎಂ ದಪ್ಪಕ್ಕೆ ಇಟ್ಟಿರುತ್ತಾರೆ. 28 ಎಂಎಂ ಬೊಂಬೆಯನ್ನು ಸುಮಾರು 1:60 ಅಳತೆ ಎಂದುಕೊಂಡರೆ ಅದು 60ರಿಂದ 72 ಎಂಎಂ ದಪ್ಪದ ಮರವಾಯಿತು. ನಿಜವಾದ ಈಟಿಯ ಕಾವು ಸುಮಾರು ಅದರ ಅರ್ಧದಷ್ಟೇ ಇರುತ್ತಿತ್ತು. ಇಷ್ಟು ದಪ್ಪವಿದ್ದೂ ಅದು ಮೆತ್ತಗೆ. ಸೀಸವಿಲ್ಲದ ಹೊಸ ಮಿಶ್ರಲೋಹಗಳು ಬಾಗುವುದು ಕಡಿಮೆ, ಆದರೆ ಮುರಿಯುವುದು ಬೇಗ. ರೆಸಿನ್ (ಪ್ಲಾಸ್ಟಿಕ್‌ನಂಥ ಗಟ್ಟಿ ರಾಳ) ಬೊಂಬೆಯಾದರೆ ಬಾಗುವ ಮಾತೇ ಇಲ್ಲ, ನೇರವಾಗಿ ಮುರಿತ.

ತಂತಿ ಹಾಕುವವರು ಒಂದು ವಿಷಯವನ್ನು ಮೊದಲೇ ಗಮನದಲ್ಲಿಡಬೇಕು. ಈಟಿ ಗಟ್ಟಿಯಾದ ಮಾತ್ರಕ್ಕೆ ಅದಕ್ಕೆ ಬೀಳುವ ಪೆಟ್ಟು ಮಾಯವಾಗುವುದಿಲ್ಲ, ಮುಂದಿನ ದುರ್ಬಲ ಜಾಗಕ್ಕೆ ಹೋಗುತ್ತದೆ. ಆ ಜಾಗ ಮಣಿಕಟ್ಟು. 90 ಎಂಎಂ ಉದ್ದದ ಉಕ್ಕಿನ ತಂತಿ 3 ಎಂಎಂ ಮುಷ್ಟಿಯಲ್ಲಿ ಸಿಕ್ಕಿಕೊಂಡಿದ್ದರೆ ಅದು ಸನ್ನೆಗೋಲೇ ಸರಿ: ತುದಿಗೆ ಅಂಗಿಯ ತೋಳು ತಗುಲಿದರೂ ಕೈ ಕಿತ್ತು ಬರುತ್ತದೆ. ತಂತಿಯ ದಪ್ಪ, ಅದನ್ನು ಎಲ್ಲೆಲ್ಲಿ ಊರಬೇಕು, ಯಾವ ಅಂಟು ಎಂಬ ನಿರ್ಧಾರಗಳೆಲ್ಲ ಮಣಿಕಟ್ಟನ್ನು ಉಳಿಸುವ ಕಡೆಗೇ ಇರಬೇಕು.

ಯಾವ ತಂತಿ

ಉದ್ದದ ಈಟಿಗೆ ಪಿಯಾನೊ ವೈರ್, ಗಿಡ್ಡ ಆಯುಧಕ್ಕೆ ಹಿತ್ತಾಳೆ. ಪಿಯಾನೊ ವೈರ್ ಸ್ಪ್ರಿಂಗ್ ಉಕ್ಕು, ಬಾಗಿಸಿ ಬಿಟ್ಟರೆ ತಾನಾಗಿ ನೆಟ್ಟಗಾಗುತ್ತದೆ. ಹಿತ್ತಾಳೆ ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ, ಆದರೆ ಸುತ್ತಿಗೆಗೂ ಅರಕ್ಕೂ ಚೆನ್ನಾಗಿ ಒಗ್ಗುತ್ತದೆ, ತುಕ್ಕಿನ ಕಾಟವಿಲ್ಲ. 45 ಎಂಎಂವರೆಗಿನ ಈಟಿ, ಭರ್ಜಿಗಳಿಗೆ ಹಿತ್ತಾಳೆ ಸಾಕು.

ಪಿಯಾನೊ ವೈರ್ ಏರೋಮಾಡೆಲಿಂಗ್ ಸಾಮಾನಿನ ಅಂಗಡಿಗಳಲ್ಲಿ ಸುಮಾರು 3 ಅಡಿಯ ನೇರ ಕಡ್ಡಿಯಾಗಿ ಸಿಗುತ್ತದೆ. ಸಿಗದಿದ್ದರೆ ಗಿಟಾರಿನ ಸುತ್ತು ಇಲ್ಲದ ಉಕ್ಕಿನ ತಂತಿ ಆಗುತ್ತದೆ, 0.017 ಇಂಚಿನದು 0.43 ಎಂಎಂ, 0.020ರದ್ದು 0.51 ಎಂಎಂ. ಅದು ಸುರುಳಿಯಾಗಿ ಬರುವುದರಿಂದ ಉದ್ದ ತುಂಡುಗಳಲ್ಲಿ ಸಣ್ಣ ಬಾಗು ಉಳಿದೇ ಉಳಿಯುತ್ತದೆ. 15 ಎಂಎಂ ಬೊಂಬೆಗಳಿಗೆ ಮಾತ್ರ ಒಳ್ಳೆಯದು. ಹಿತ್ತಾಳೆ ತಂತಿಯನ್ನು ಹಾರ್ಡ್‌ವೇರ್ ಅಂಗಡಿಯವರು ಗೇಜ್ ಲೆಕ್ಕದಲ್ಲಿ ಕೊಡುತ್ತಾರೆ. ಸಂಖ್ಯೆ ಹೆಚ್ಚಿದಂತೆ ತಂತಿ ಸಪೂರ: 19 ಗೇಜ್ ಎಂದರೆ 1.02 ಎಂಎಂ, 21 ಎಂದರೆ 0.81, 23 ಎಂದರೆ 0.61, 25 ಎಂದರೆ 0.51. ವರ್ನಿಯರ್ ಕ್ಯಾಲಿಪರ್ ಇದ್ದರೆ ಜೊತೆಗೆ ಒಯ್ಯಿರಿ, ಅಂಗಡಿಯ ಚೀಟಿಯನ್ನು ನಂಬಿಕೊಂಡರೆ ಮನೆಯಲ್ಲಿರುವ ಡ್ರಿಲ್ ಬಿಟ್‌ಗೆ ತಂತಿ ಹೊಂದದೇ ಹೋಗಬಹುದು.

ದಪ್ಪದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ: ದಪ್ಪನಾದಷ್ಟೂ ಭದ್ರ ಎಂದು. ತಂತಿಯ ಬಿಗಿ ಅದರ ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 0.6 ಎಂಎಂ ತಂತಿಯ ಬಿಗಿ 0.8ರದ್ದರ ಮೂರನೇ ಒಂದು ಪಾಲಿಗಿಂತ ಕಡಿಮೆ. ಪೆಟ್ಟು ಬಿದ್ದಾಗ ಸಪೂರ ತಂತಿ ತಾನು ಬಳುಕಿ ಮಣಿಕಟ್ಟನ್ನು ಉಳಿಸುತ್ತದೆ, ದಪ್ಪ ತಂತಿ ಬಳುಕದೆ ಕೈಯನ್ನೇ ಕೀಳುತ್ತದೆ. ಹಾಗಾಗಿ ಈಟಿಯ ಬುಡ ಬೊಂಬೆಯ ತಳಕ್ಕೆ ಊರಿಕೊಂಡಿದ್ದರೆ 0.8, ಬರೀ ಒಂದು ಮುಷ್ಟಿಯಲ್ಲಿ ಗಾಳಿಯಲ್ಲಿ ನಿಂತಿದ್ದರೆ 0.6. 15 ಎಂಎಂ ಬೊಂಬೆಗೆ 0.4ರಿಂದ 0.5. 6 ಎಂಎಂ ಬೊಂಬೆಗಳ ಈಟಿ ಬದಲಿಸುವುದು ಶ್ರಮಕ್ಕೆ ತಕ್ಕ ಕೆಲಸವಲ್ಲ. ಬೇಕೇ ಬೇಕೆಂದರೆ ಪ್ಲಾಸ್ಟಿಕ್ ಪೊರಕೆಯ ಎಳೆ ಸಾಕು.

ಎಷ್ಟು ಉದ್ದ

28 ಎಂಎಂ ಬೊಂಬೆಗೆ ನಿಜದ 1 ಮೀಟರಿಗೆ 17 ಎಂಎಂ, 15 ಎಂಎಂ ಬೊಂಬೆಗೆ 10 ಎಂಎಂ ಎಂದು ಹಿಡಿದರೆ ತಪ್ಪಾಗದು. ಹಾಪ್ಲೈಟ್‌ನ ಈಟಿ ಸುಮಾರು 2.4 ಮೀಟರ್, ಅಂದರೆ 40 ಎಂಎಂ. ರೋಮನ್ನರ ಎಸೆಯುವ ಈಟಿ ಪೀಲಂ 2 ಮೀಟರ್, 34 ಎಂಎಂ. 16 ಅಡಿಯ ಪೈಕ್ 82 ಎಂಎಂ. ಮ್ಯಾಸಿಡೋನಿಯದವರ ಉದ್ದನೆಯ ಈಟಿ ಸರಿಸ್ಸಾ 12 ಮೊಳ, ಸುಮಾರು 5.5 ಮೀಟರ್, ಅದಕ್ಕೆ 92 ಎಂಎಂ ಸಾಕು. ಪ್ರಾಚೀನ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ತನ್ನ ಕಾಲದ ಸರಿಸ್ಸಾವನ್ನು 14 ಮೊಳ ಎನ್ನುತ್ತಾನೆ, ಆ ಲೆಕ್ಕದಲ್ಲಿ 105 ಎಂಎಂ ದಾಟುತ್ತದೆ. ಅಷ್ಟು ಉದ್ದ ಮೇಜಿನ ಮೇಲೆ ನೋಡಲು ಸೊಗಸು, ಪೆಟ್ಟಿಗೆಗೆ ತುಂಬುವಾಗ ತಲೆನೋವು. 17ನೇ ಶತಮಾನದ ಸಿಪಾಯಿಗಳೇ ಹೊರಲಾರದೆ ಪೈಕನ್ನು ಕತ್ತರಿಸಿ ಗಿಡ್ಡ ಮಾಡಿಕೊಳ್ಳುತ್ತಿದ್ದರು, ನೀವು 10 ಎಂಎಂ ಕಡಿಮೆ ಮಾಡಿದರೆ ಇತಿಹಾಸಕ್ಕೆ ಅಪಚಾರವಾಗದು.

ಭಂಗಿಯನ್ನೂ ಈಗಲೇ ಯೋಚಿಸಿ. ಪಾಲಿಬಿಯಸ್ ಹೇಳುವಂತೆ ಮೊದಲ ಐದು ಸಾಲುಗಳ ಸರಿಸ್ಸಾಗಳು ಮುಂದಕ್ಕೆ ಚಾಚಿರುತ್ತಿದ್ದವು, ಹಿಂದಿನ ಸಾಲುಗಳವರು ಓರೆಯಾಗಿ ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ಹಾಗೇ ಮಾಡಿದರೆ ಮುಂದಿನ ಸಾಲಿನ ತಂತಿ ತಳದಿಂದ 60 ಎಂಎಂನಷ್ಟು ಹೊರಚಾಚಿ, ಎದುರಾಳಿಯ ದಳವನ್ನು ಪಕ್ಕಕ್ಕೆ ತಂದಿಡಲು ಆಗುವುದೇ ಇಲ್ಲ. ಮುಂದಿನ ಸಾಲನ್ನು 45 ಡಿಗ್ರಿಗೆ ಎತ್ತಿ, ಉಳಿದವರದನ್ನು ನೆಟ್ಟಗೆ ನಿಲ್ಲಿಸುವುದು ಆಡುವವರಿಗೆ ಅನುಕೂಲ.

24 ಬೊಂಬೆಗಳ ದಳಕ್ಕೆ ಲೆಕ್ಕ: 914 ಎಂಎಂ ಕಡ್ಡಿಯೊಂದರಲ್ಲಿ 92 ಎಂಎಂನ 9 ತುಂಡು ಬರುತ್ತವೆ. ಮೂರು ಕಡ್ಡಿಗೆ 27. ಮೂರು ಹೆಚ್ಚುವರಿ ಬೇಕಾಗಿಯೇ ಬೇಕಾಗುತ್ತವೆ. ಒಂದು ಮರದ ತುಂಡಿನಲ್ಲಿ ಗರಗಸದಿಂದ ಗೀರು ಹಾಕಿ, ಒಂದು ತುದಿಗೆ ಮೊಳೆ ಹೊಡೆದು, ಮೊಳೆಯಿಂದ 92 ಎಂಎಂಗೆ ಗುರುತು ಹಾಕಿಕೊಂಡರೆ ಪ್ರತಿ ಸಲ ಅಳೆಯುವ ಕೆಲಸ ತಪ್ಪುತ್ತದೆ.

ಪಿಯಾನೊ ವೈರನ್ನು ಬೊಂಬೆ ಕತ್ತರಿಸುವ ನಯವಾದ ಕಟ್ಟರ್‌ನಿಂದ ಮುಟ್ಟಬೇಡಿ, ಬಾಯಲ್ಲಿ ಅರ್ಧಚಂದ್ರದ ಗಾಯ ಬಿದ್ದು ಕಟ್ಟರ್ ಕೆಡುತ್ತದೆ. ತ್ರಿಕೋನ ಅರದ ಅಂಚಿನಿಂದ ಸುತ್ತಲೂ ಗೀರಿ, ಎರಡು ಇಕ್ಕಳಗಳಲ್ಲಿ ಹಿಡಿದು ಮುರಿಯಿರಿ. ರೋಟರಿ ಟೂಲ್ ಇದ್ದರೆ ಕಟಿಂಗ್ ಡಿಸ್ಕ್ ಇನ್ನೂ ಚುರುಕು. ಕಣ್ಣಿಗೆ ಕನ್ನಡಕ ಇರಲೇಬೇಕು. ಹಾರಿದ ಉಕ್ಕಿನ ಚೂರು ಎಲ್ಲಿ ಬಿತ್ತೆಂದು ಹುಡುಕುವಾಗ ಅದು ಅಂಗಾಲಿಗೆ ಸಿಗುತ್ತದೆ, ಆದ್ದರಿಂದ ಕತ್ತರಿಸುವಾಗ ತುಂಡನ್ನು ಬಟ್ಟೆಯಿಂದ ಮುಚ್ಚಿ ಹಿಡಿಯಿರಿ. ಹಿತ್ತಾಳೆ ತಂತಿ ಸೊಟ್ಟಗಿದ್ದರೆ ಒಂದು ತುದಿಯನ್ನು ವೈಸ್‌ನಲ್ಲಿ, ಇನ್ನೊಂದನ್ನು ಡ್ರಿಲ್‌ನಲ್ಲಿ ಕಚ್ಚಿಸಿ, ಬಿಗಿಯಾಗಿ ಎಳೆದುಕೊಂಡು ನಿಧಾನಕ್ಕೆ ಹತ್ತಾರು ಸುತ್ತು ತಿರುಗಿಸಿ: ಕೂದಲೆಳೆಯಷ್ಟೂ ಸೊಟ್ಟ ಉಳಿಯದು, ತಂತಿಯೂ ಸ್ವಲ್ಪ ಗಡುಸಾಗುತ್ತದೆ.

ಮೊನೆ

ಇಡೀ ಕೆಲಸದಲ್ಲಿ ಕೈಚಳಕ ಬೇಡುವ ಭಾಗ ಇದು. ತಂತಿಯ ತುದಿಯ 4–5 ಎಂಎಂ ಅನ್ನು ಉಕ್ಕಿನ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಅರದಿಂದ ಎಲೆಯಾಕಾರಕ್ಕೆ ತರಬೇಕು. 0.8 ಎಂಎಂ ತಂತಿ 0.3 ಎಂಎಂ ತೆಳುವಾಗುವಾಗ ಸುಮಾರು 1.6 ಎಂಎಂ ಅಗಲವಾಗುತ್ತದೆ, 28 ಎಂಎಂ ಬೊಂಬೆಯ ಈಟಿಮೊನೆಗೆ ಅದೇ ಸರಿಯಾದ ಅಗಲ. ಇನ್ನೂ ತಟ್ಟಿದರೆ ಅಂಚು ಬಿರಿಯುತ್ತದೆ.

ಹಿತ್ತಾಳೆ ತಟ್ಟಿದಷ್ಟೂ ಗಡುಸಾಗಿ ಬಿರುಕು ಬಿಡುತ್ತದೆ. ನಾಲ್ಕೈದು ಪೆಟ್ಟಿನ ನಂತರ ತುದಿಯನ್ನು ಗ್ಯಾಸ್ ಉರಿಯಲ್ಲಿ ಮಂಕು ಕೆಂಪಿಗೆ ಕಾಯಿಸಿ. ನೀರಿಗೆ ಅದ್ದಿದರೂ ತಾನಾಗಿ ಆರಿದರೂ ಮೆತ್ತಗಾಗುತ್ತದೆ. ಉಕ್ಕಿನದು ತದ್ವಿರುದ್ಧ. ಪಿಯಾನೊ ವೈರನ್ನು ಕಾಯಿಸದೆ ತಟ್ಟಿದರೆ ಸೀಳುತ್ತದೆ ಅಥವಾ ಸುತ್ತಿಗೆಯ ಮುಖಕ್ಕೇ ಗುಳಿ ಬೀಳುತ್ತದೆ. ಕೆಂಪಗೆ ಕಾಯಿಸಿ, ಗಾಳಿಯಲ್ಲಿ ನಿಧಾನವಾಗಿ ಆರಲು ಬಿಡಬೇಕು. ಅವಸರಕ್ಕೆ ನೀರಿಗೆ ಅದ್ದಿದಿರೋ ತುದಿ ಗಾಜಿನಂತೆ ಪೆಡಸಾಗಿ ಮೊದಲ ಪೆಟ್ಟಿಗೇ ಚೂರಾಗುತ್ತದೆ. ಕಾಯಿಸುವಾಗ ತುದಿಯಿಂದ 8 ಎಂಎಂ ಹಿಂದೆ ದಪ್ಪ ಇಕ್ಕಳದಲ್ಲಿ ಹಿಡಿಯಿರಿ, ಇಕ್ಕಳ ಬಿಸಿಯನ್ನು ಹೀರಿಕೊಂಡು ಉಳಿದ ತಂತಿ ತನ್ನ ಸ್ಪ್ರಿಂಗ್ ಗುಣ ಕಳೆದುಕೊಳ್ಳದಂತೆ ಕಾಯುತ್ತದೆ.

ತಟ್ಟಿದ ಮೇಲೆ ತುದಿ ಒಂದು ಕಡೆ ವಾಲಿರುತ್ತದೆ. ಪಕ್ಕದಿಂದ ಎರಡು ಹಗುರ ಪೆಟ್ಟು ಕೊಟ್ಟು ನೇರ ಮಾಡಿ, ಆಮೇಲೆ ಅರ ಹಿಡಿಯಿರಿ. ಮೊದಲು ಭುಜದಿಂದ (ಎಲೆಯ ತೀರ ಅಗಲವಾದ ಜಾಗದಿಂದ) ಮೊನೆಯವರೆಗೆ ಎರಡೂ ಅಂಚು, ನಂತರ ಭುಜದಿಂದ ಕಾವಿನ ಕಡೆಗೆ ಚಿಕ್ಕ ಇಳಿಜಾರು. ಮೊನೆಯನ್ನು ನಿಜವಾಗಿ ಚೂಪು ಮಾಡಬೇಡಿ. ಕೊನೆಯಲ್ಲಿ ಮರಳು ಕಾಗದದಿಂದ ಉಜ್ಜಿ ತುದಿಯನ್ನು ದುಂಡಗೆ ಮಾಡಿ. ಕಣ್ಣಿಗೆ ಚೂಪಾಗಿಯೇ ಕಾಣುತ್ತದೆ, ಮೇಜಿನ ಮೇಲೆ ಕೈ ಚಾಚಿದವರಿಗೆ ಚುಚ್ಚುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಇದು ಕಡ್ಡಾಯ.

ಸರಿಸ್ಸಾ, ಹಾಪ್ಲೈಟ್ ಈಟಿಗಳ ಬುಡಕ್ಕೂ ಲೋಹದ ಮೊಳೆ ಇರುತ್ತಿತ್ತು. ತಂತಿಯನ್ನು ಡ್ರಿಲ್‌ಗೆ ಕಚ್ಚಿಸಿ, ತಿರುಗುತ್ತಿರುವಾಗ ಅರ ಒತ್ತಿದರೆ ಕೊನೆಯ 4 ಎಂಎಂ ಶಂಕುವಿನಾಕಾರಕ್ಕೆ ಬರುತ್ತದೆ. ಅದರ ಮೇಲೆ 1 ಎಂಎಂ ಅಗಲದ ಕಾಗದದ ಪಟ್ಟಿಯನ್ನು ಸೂಪರ್ ಗ್ಲೂ ಹಚ್ಚಿ ಎರಡು ಸುತ್ತು ಸುತ್ತಿದರೆ ಕಟ್ಟು ಸಿದ್ಧ. ತಟ್ಟುವ ಗೋಜೇ ಬೇಡ ಎನ್ನುವವರಿಗೆ ಮೊನೆಯನ್ನೂ ಹೀಗೇ ಮಾಡಲು ಬರುತ್ತದೆ: ಕಾಗದವನ್ನು ಎಲೆಯಾಕಾರಕ್ಕೆ ಕತ್ತರಿಸಿ, ಎರಡು ಎಲೆಗಳ ನಡುವೆ ತಂತಿ ಇಟ್ಟು, ತೆಳು ಸೂಪರ್ ಗ್ಲೂ ಕುಡಿಸಿ, ಗಟ್ಟಿಯಾದ ಮೇಲೆ ಉಜ್ಜಿ. ಬ್ರಿಟನ್ನಿನ ನಾರ್ತ್ ಸ್ಟಾರ್‌ನಂಥ ಮಾರಾಟಗಾರರ ಬಳಿ ಮೊನೆ ತಟ್ಟಿದ 100 ಎಂಎಂ ಉಕ್ಕಿನ ಈಟಿಗಳೇ ಸಿಗುತ್ತವೆ. ಹೊರದೇಶದಲ್ಲಿರುವವರಿಗೆ ಅದೇ ಸುಲಭ. ಇಲ್ಲಿಗೆ ತರಿಸುವಾಗ ಅಂಚೆ ಖರ್ಚು ಈಟಿಯ ಬೆಲೆ ಮೀರಿದರೆ ಸುತ್ತಿಗೆಯೇ ಗತಿ.

ಮುಷ್ಟಿ ಕೊರೆಯುವುದು

ಬೇಕಾದದ್ದು ಒಂದು ಪಿನ್ ವೈಸ್ (ಬೆರಳಲ್ಲಿ ತಿರುಗಿಸುವ ಪುಟ್ಟ ಡ್ರಿಲ್), 0.6ರಿಂದ 1 ಎಂಎಂವರೆಗಿನ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್‌ಗಳು, ಸೂಜಿಯರಗಳು. ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಮೂರೂ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಅಗ್ಗಕ್ಕೆ ಸಿಗುವ ಸರ್ಕ್ಯೂಟ್ ಬೋರ್ಡ್ ಬಿಟ್‌ಗಳು ಕಾರ್ಬೈಡ್‌ನವು. ಯಂತ್ರದಲ್ಲಿ ನೇರವಾಗಿ ಇಳಿಯಲೆಂದು ಮಾಡಿದ ಅವು ಕೈ ತುಸು ಓರೆಯಾದರೂ ಟಪ್ಪನೆ ಮುರಿಯುತ್ತವೆ. ಅವುಗಳ ಆಸೆ ಬಿಡಿ.

ಹಳೆಯ ಈಟಿಯನ್ನು ಮುಷ್ಟಿಯ ಮೇಲೂ ಕೆಳಗೂ 1 ಎಂಎಂ ಬಿಟ್ಟು ಕತ್ತರಿಸಿ. ಆಗ ತೋಳನ್ನು ಬೆರಳುಗಳಿಂದ ಒತ್ತಿ ಹಿಡಿದಿರಬೇಕು, ಕಟ್ಟರ್‌ನ ಚಪ್ಪಟೆ ಬದಿ ಕೈಯ ಕಡೆಗಿರಬೇಕು. ಈಟಿಯನ್ನು ತಿರುಚಿ ಕೀಳುವುದು ಬೇಡವೇ ಬೇಡ. ಉಳಿದ ಮೊಂಡನ್ನು ಅರದಿಂದ ಮಟ್ಟಸ ಮಾಡಿ. ಸೀಸದ ಪುಡಿ ಗಾಳಿಗೆ ಏಳದಂತೆ ಅರವನ್ನು ಒದ್ದೆ ಮಾಡಿಕೊಳ್ಳಿ, ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಕೈ ತೊಳೆಯಿರಿ. ರೆಸಿನ್ ಬೊಂಬೆಯಾದರೆ ಮಾಸ್ಕ್ ಕೂಡ ಬೇಕು.

ಈಗ ಸೂಜಿಮೊನೆಯಿಂದ ಮುಷ್ಟಿಯ ಮೇಲ್ಭಾಗದ ನಡುವೆ ಒಂದು ಚಿಕ್ಕ ಗುಳಿ ಒತ್ತಿ. ಗುಳಿ ಇಲ್ಲದಿದ್ದರೆ ಬಿಟ್ ಜಾರಿ ಬೆರಳಿನ ಮೇಲೆ ಗೀರು ಎಳೆಯುತ್ತದೆ. ಮೊದಲು 0.6ರ ಬಿಟ್‌ನಿಂದ ಅರ್ಧದಷ್ಟು ಕೊರೆದು ನಿಲ್ಲಿಸಿ, ಬೊಂಬೆಯನ್ನು ತಲೆಕೆಳಗು ಮಾಡಿ ಕೆಳಗಿನಿಂದ ಉಳಿದರ್ಧ ಕೊರೆಯಿರಿ. ಒಂದೇ ಕಡೆಯಿಂದ ಪೂರ್ತಿ ಕೊರೆಯಹೊರಟರೆ ತೂತು ಎಲ್ಲೋ ಹೊರಬರುತ್ತದೆ. ಎರಡು ಕಡೆಯಿಂದ ಬಂದಾಗ ನಡುವೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಎರಡು ಬಾಯಿಗಳು ಸರಿಯಾದ ಜಾಗದಲ್ಲೇ ಇರುತ್ತವೆ. ಆಮೇಲೆ ತಂತಿಗಿಂತ 0.1 ಎಂಎಂ ದೊಡ್ಡ ಬಿಟ್‌ನಿಂದ ಅಗಲಿಸಿ: 0.8 ತಂತಿಗೆ 0.9, 0.6ಕ್ಕೆ 0.7. ಆ ಸಂದು ಅಂಟಿಗೆ ಬೇಕು.

ವೈಟ್ ಮೆಟಲ್ ಬಿಟ್‌ನ ಸುರುಳಿಗೆ ಮೆತ್ತಿಕೊಳ್ಳುತ್ತದೆ. ಮೆತ್ತಿದ ಬಿಟ್ ಕೊರೆಯುವುದಿಲ್ಲ, ನಾವು ಒತ್ತಡ ಹೆಚ್ಚಿಸುತ್ತೇವೆ, ಬಿಟ್ ಮುರಿಯುತ್ತದೆ. ಎರಡು ಮೂರು ಸುತ್ತಿಗೊಮ್ಮೆ ಹೊರತೆಗೆದು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ತುದಿಯನ್ನು ಮೇಣದ ಬತ್ತಿಗೆ ಒಮ್ಮೆ ತಾಗಿಸಿ ಮುಂದುವರಿಯಿರಿ. ಕೊರೆದಾದ ಮೇಲೆ ಪಾತ್ರೆ ತೊಳೆಯುವ ಸೋಪು, ಬಿಸಿನೀರಿನಿಂದ ತೊಳೆಯದಿದ್ದರೆ ಮೇಣದ ಮೇಲೆ ಅಂಟು ಹಿಡಿಯದು.

ಬಿಟ್ ಬೆರಳಿನ ಪಕ್ಕ ಸೀಳಿಕೊಂಡು ಹೊರಬಂದರೂ ಬೊಂಬೆ ಹಾಳಾಗಲಿಲ್ಲ. ಆ ಬದಿಯನ್ನು ಪೂರ್ತಿ ಅರೆದು, ಅಂಗೈಯಲ್ಲಿ ತೆರೆದ ಕಾಲುವೆ ಮಾಡಿ, ತಂತಿ ಕೂರಿಸಿ, ಬೆರಳುಗಳನ್ನು ಪುಟ್ಟಿಯಲ್ಲಿ ತಿದ್ದಿ. 15 ಎಂಎಂ ಬೊಂಬೆಗಳಿಗಂತೂ ಮೊದಲಿಗೇ ಈ ದಾರಿ ಹಿಡಿಯುವುದು ಜಾಣತನ, ಆ ಮುಷ್ಟಿಯಲ್ಲಿ ಕೊರೆಯಲು ಜಾಗವೇ ಇಲ್ಲ. ಬೆರಳಿಗೆ ಗ್ರೀನ್ ಸ್ಟಫ್ ಅಥವಾ ಮಿಲಿಪುಟ್‌ನಂಥ ನಯವಾದ ಎಪಾಕ್ಸಿ ಪುಟ್ಟಿ ಬೇಕು. ಎಂ-ಸೀಲ್ ತಳಕ್ಕೆ ಸರಿ, ಬೆರಳಿಗೆ ತೀರ ಒರಟು.

ಈಟಿ ಗುರಾಣಿಗೋ ಭುಜಕ್ಕೋ ಅಂಟಿಕೊಂಡೇ ಎರಕವಾಗಿದ್ದರೆ ನೇರ ತಂತಿ ತೂರಿಸಲು ಬರುವುದಿಲ್ಲ. ಆಗ ಎರಡು ತುಂಡು ಮಾಡಿ ಮೇಲಿನದನ್ನೂ ಕೆಳಗಿನದನ್ನೂ ಮುಷ್ಟಿಯೊಳಕ್ಕೆ 1.5 ಎಂಎಂನಷ್ಟು ಬೇರೆ ಬೇರೆಯಾಗಿ ನೆಡಬೇಕು. ಎರಡೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡಲು ಪಕ್ಕದಲ್ಲಿ ಮೂರನೆಯ ನೇರ ತಂತಿಯೊಂದನ್ನು ಹಿಡಿದು, ಎದುರಿನಿಂದಲೂ ಪಕ್ಕದಿಂದಲೂ ಪರೀಕ್ಷಿಸಿ. ಒಂದು ಕಡೆಯಿಂದ ಮಾತ್ರ ನೋಡಿ ಅಂಟಿಸಿದವು ಮತ್ತೊಂದು ಕಡೆಯಿಂದ ಮುರಿದ ಕೋಲಿನ ಹಾಗೆ ಕಾಣುತ್ತವೆ.

ಅಂಟು

ಪಿಯಾನೊ ವೈರ್‌ಗೆ ಎಣ್ಣೆ ಸವರಿರುತ್ತಾರೆ. ಥಿನ್ನರ್‌ನಿಂದ ಒರೆಸಿ, ಮುಷ್ಟಿಯೊಳಗೆ ಕೂರುವ ಭಾಗವನ್ನು 400ರ ಮರಳು ಕಾಗದದಿಂದ ಒರಟು ಮಾಡಿ. 40 ಎಂಎಂ ಈಟಿಗೆ ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಸಾಕು, ಸೂಜಿಯ ತುದಿಯಲ್ಲಿ ಒಂದು ಹನಿ. ಆದರೆ ಸೂಪರ್ ಗ್ಲೂ ಹಠಾತ್ ಪೆಟ್ಟು ತಡೆಯದು, ಉದ್ದದ ಪೈಕ್‌ಗೆ ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿಯೇ ಬೇಕು. ಅದು ಗಟ್ಟಿಯಾಗುವವರೆಗೆ ಈಟಿ ಜಾರದಂತೆ ಬ್ಲೂಟ್ಯಾಕ್ (ಅಂಟುವ ಮೆತ್ತನೆಯ ಪುಟ್ಟಿ) ಉಂಡೆಯ ಆಸರೆ ಕೊಡಿ. ಕರಾವಳಿಯ ಮಳೆಗಾಲದಲ್ಲಿ ಸೂಪರ್ ಗ್ಲೂ ಹೆಚ್ಚಾದರೆ ಸುತ್ತಲೂ ಬಿಳಿ ಹುಡಿ ಕೂರುತ್ತದೆ. ಪ್ರೈಮರ್‌ಗೆ ಮೊದಲಾದರೆ ಬ್ರಷ್‌ನಿಂದ ಉಜ್ಜಿದರೆ ಆಯಿತು.

ಸಾಧ್ಯವಿದ್ದಲ್ಲೆಲ್ಲ ಈಟಿಯ ಬುಡವನ್ನು ತಳಕ್ಕೆ ಊರಿ. ತಳದಲ್ಲಿ 1 ಎಂಎಂ ಆಳದ ಗುಳಿ ಕೊರೆದು ಅಲ್ಲೂ ಒಂದು ಹನಿ ಎಪಾಕ್ಸಿ ಹಾಕಿದರೆ ಈಟಿಗೆ ಎರಡು ಆಸರೆ ಸಿಕ್ಕಿ ಮಣಿಕಟ್ಟಿನ ಭಾರ ಇಳಿಯುತ್ತದೆ. ಬೊಂಬೆಯ ತಳವೂ ಇಡೀ ದಳವನ್ನು ನಿಲ್ಲಿಸುವ ತಟ್ಟೆಯೂ ಬೇರೆ ಬೇರೆಯಾದರೆ ತಟ್ಟೆಗೆ ಅಂಟಿಸುವ ಕೆಲಸ ಮೊದಲು, ಈಟಿ ಆಮೇಲೆ. ಬಿಡಿಯಾಗಿ ಬಂದ ತೋಳುಗಳಿದ್ದರೆ ಭುಜಕ್ಕೂ ಒಂದು 0.8ರ ಪಿನ್ ಹಾಕಿ.

ಬಣ್ಣ

ಬರಿಯ ಉಕ್ಕಿನ ಮೇಲೆ ನೀರು ಬೆರೆತ ಯಾವುದೂ ತಾಗಬಾರದು. ತಳಕ್ಕೆ ಮರಳು ಅಂಟಿಸುವ ಫೆವಿಕಾಲ್ ತಂತಿಗೆ ತಾಗಿದರೆ ಕೆಲವೇ ದಿನಗಳಲ್ಲಿ ಕಂದು ಕಲೆ ಹೊರಗೆ ಬರುತ್ತದೆ. ಮೊದಲು ಥಿನ್ನರ್ ಆಧಾರಿತ ಸ್ಪ್ರೇ ಪ್ರೈಮರ್, ಅದೂ ಮಳೆಯಿಲ್ಲದ ದಿನ. ಆಮೇಲೆ ಮರಳು, ಅಕ್ರಿಲಿಕ್. ಬಳುಕುವ ತಂತಿಯಿಂದ ದಪ್ಪ ಬಣ್ಣ ಸಿಪ್ಪೆಯಾಗಿ ಏಳುವುದರಿಂದ ತೆಳುವಾಗಿ ಎರಡು ಸಲ ಹಚ್ಚಿ, ಮೇಲೆ ಹೊಳಪಿನ ವಾರ್ನಿಶ್, ಅದರ ಮೇಲೆ ಮಂಕು ವಾರ್ನಿಶ್. ಕಾವಿಗೆ ತೀರ ಕಡುಗಂದು ಬೇಡ, ತಿಳಿ ಜೇನುಬಣ್ಣವೇ ಚೆಂದ. ಮೊನೆ ಉಕ್ಕಿನದಾಗಿದ್ದರೂ ಅದರ ಮೇಲೂ ಲೋಹದ ಬಣ್ಣ ಹಚ್ಚಬೇಕು, ಬಿಟ್ಟರೆ ತುಕ್ಕು ಅಲ್ಲಿಂದಲೇ ಶುರು.

ಉಳಿದ ಆಯುಧಗಳು

ಬಾವುಟದ ಕೋಲಿಗೆ 1 ಎಂಎಂ ಹಿತ್ತಾಳೆ. ಬಯೊನೆಟ್‌ಗೆ 0.5ರ ತಂತಿ ತಟ್ಟಿ ಬಂದೂಕಿನ ಬಾಯಿಯ ಪಕ್ಕ 1 ಎಂಎಂ ಒಳಗೆ ನೆಡಿ. ಕತ್ತಿ ಮುರಿದರೆ 1.2ರ ಹಿತ್ತಾಳೆಯನ್ನು ತಟ್ಟಿ ಅಲಗು ಮಾಡಬಹುದು, ಆದರೆ ಬಾಗಿದ ಅಲಗನ್ನು ಹೀಗೆ ಸರಿಯಾಗಿ ತರುವುದು ಕಷ್ಟ. ಬೇರೆ ಬೊಂಬೆಯ ಕತ್ತಿ ತಂದು ಪಿನ್ ಹಾಕಿ ಕೂರಿಸುವುದೇ ಮೇಲು. ಬಿಲ್ಲುಗಳನ್ನು ಹಾಗೇ ಬಿಡಿ.

ಬಣ್ಣ ಹಚ್ಚಿ ಮುಗಿದ ಬೊಂಬೆಯ ಈಟಿ ಮುರಿದಿದ್ದರೆ ಬೊಂಬೆಗೆ ಟಿಶ್ಯೂ ಸುತ್ತಿ ಕೈಯೊಂದನ್ನೇ ಹೊರಗಿಟ್ಟು ಇದೇ ಕ್ರಮ ಅನುಸರಿಸಿ. ತಂತಿಗೆ ಪ್ರೈಮರ್, ಬಣ್ಣ, ವಾರ್ನಿಶ್ ಎಲ್ಲ ಮೊದಲೇ ಹಚ್ಚಿ, ಹಿಡಿತದ 3 ಎಂಎಂ ಮಾತ್ರ ಬರಿದಾಗಿ ಬಿಟ್ಟು ತೂರಿಸಿದರೆ ಕೊನೆಯಲ್ಲಿ ಮುಷ್ಟಿಗೆ ಚರ್ಮದ ಬಣ್ಣ ತಿದ್ದುವುದಷ್ಟೇ ಉಳಿಯುತ್ತದೆ. ಸಾಗಿಸುವ ಪೆಟ್ಟಿಗೆಯನ್ನು ಈಟಿಗೆ ತಕ್ಕಂತೆ ಆರಿಸಿ: 92 ಎಂಎಂ ಸರಿಸ್ಸಾ ನೆಟ್ಟಗೆ ನಿಂತಿದ್ದರೆ ಒಳಎತ್ತರ 110 ಎಂಎಂ ಬೇಕು, ಪೆಟ್ಟಿಗೆಯ ತಳಕ್ಕೆ ಕಬ್ಬಿಣದ ತಗಡು, ಬೊಂಬೆಯ ತಳಕ್ಕೆ ಮ್ಯಾಗ್ನೆಟ್. ಫೋಮ್ ಗೂಡಿನಲ್ಲಿ ಮಲಗಿಸಿಟ್ಟರೆ ಪ್ರತಿ ಸಲ ತೆಗೆಯುವಾಗ ಬೆರಳು ಹೋಗುವುದು ಈಟಿಗೇ.